ಲಂಡನ್ನಿನ ದೊಡ್ಡ ಹೋಟೆಲ್‌ಗಳು ಶ್ರೀಮಂತ ಏಷ್ಯನ್ನರಿಗೂ ನಿಜವಾಗಿ ರೂಮ್ ಇಲ್ಲ ಅನ್ನುತ್ತಿದ್ದವಾ?

'ಕ್ರೇಜಿ ರಿಚ್ ಏಷಿಯನ್ಸ್' ಸಿನಿಮಾದ ಮೊದಲ ದೃಶ್ಯ ಸ್ವಲ್ಪ ಅತಿಯಾಯ್ತು, ಅಷ್ಟು ದುಡ್ಡಿರುವವರನ್ನು ಯಾರು ಹೊರಗೆ ಕಳಿಸುತ್ತಾರೆ ಅಂತ ಕೇಳಿದ್ದೀರಿ. ನನಗಂತೂ ಅತಿ ಅನ್ನಿಸಲಿಲ್ಲ. ಅದರಲ್ಲಿ ನಂಬೋಕೆ ಕಷ್ಟವಾದದ್ದು ಒಂದಿದೆ ನಿಜ. ಆದರೆ ಅದು ಆ ಅವಮಾನ ಅಲ್ಲ.

ಸಿನಿಮಾ ನೋಡದವರಿಗೆ ಹೇಳುತ್ತೇನೆ. 1995ರ ಲಂಡನ್. ಸಿಂಗಪುರದ ಎಲೀನರ್ ಯಂಗ್ ಮಳೆಯಲ್ಲಿ ನೆನೆದುಕೊಂಡು ಮಕ್ಕಳ ಜೊತೆ ಒಂದು ಹಳೇ ದೊಡ್ಡ ಹೋಟೆಲ್‌ಗೆ ಬರುತ್ತಾಳೆ. ರೂಮ್ ಮೊದಲೇ ಬುಕ್ ಆಗಿದೆ. ಆದರೂ ರೂಮ್ ಇಲ್ಲ ಅನ್ನುತ್ತಾರೆ. ಚೈನಾಟೌನ್‌ ಕಡೆ ನೋಡಿ ಅಂತ ಮ್ಯಾನೇಜರ್ ಸಲಹೆ ಬೇರೆ ಕೊಡುತ್ತಾನೆ. ಫೋನ್ ಮಾಡೋಕೂ ಬಿಡುವುದಿಲ್ಲ. ಆಕೆ ಹೊರಗಿನ ಫೋನ್ ಬೂತ್‌ಗೆ ಹೋಗಿ ಗಂಡನಿಗೆ ಫೋನ್ ಮಾಡುತ್ತಾಳೆ. ವಾಪಸ್ ಬರುವಷ್ಟರಲ್ಲಿ ಹೋಟೆಲ್ಲೇ ಅವರದಾಗಿರುತ್ತದೆ.

ಈಗ ನಿಜವಾಗಿ ನಡೆದದ್ದು ಕೇಳಿ. 1943ರಲ್ಲಿ ವೆಸ್ಟ್ ಇಂಡೀಸ್ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಲಾರ್ಡ್ಸ್‌ನಲ್ಲಿ ಪಂದ್ಯ ಆಡೋಕೆ ಲಂಡನ್ನಿಗೆ ಬಂದರು. ಹೆಂಡತಿ, ಮಗಳು ಜೊತೆಗಿದ್ದರು. ರಸೆಲ್ ಸ್ಕ್ವೇರ್‌ನ ಇಂಪೀರಿಯಲ್ ಹೋಟೆಲ್‌ನಲ್ಲಿ ನಾಲ್ಕು ರಾತ್ರಿಗೆ ರೂಮ್ ಬುಕ್ ಮಾಡಿದ್ದರು, ಮುಂಗಡವನ್ನೂ ಕೊಟ್ಟಿದ್ದರು. ಬಂದ ಮೇಲೆ, ಒಂದು ರಾತ್ರಿ ಮಾತ್ರ ಇರಬಹುದು ಅಂದರು. ಕರಿಯರು ಇದ್ದರೆ ಹೋಟೆಲ್‌ನಲ್ಲಿರುವ ಅಮೆರಿಕನ್ನರಿಗೆ ಹಿಡಿಸುವುದಿಲ್ಲ ಅನ್ನುವುದು ಕಾರಣ. ಆಗ ಅವರು ದೊಡ್ಡ ಹೆಸರು, ಬ್ರಿಟಿಷ್ ಸರ್ಕಾರದ ಕಾರ್ಮಿಕ ಇಲಾಖೆಯಲ್ಲಿ ಕೆಲಸವನ್ನೂ ಮಾಡುತ್ತಿದ್ದರು. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಅವರು ಏಷ್ಯನ್ ಅಲ್ಲ, ಒಪ್ಪುತ್ತೇನೆ. ಆದರೆ ಬುಕಿಂಗ್ ಇದೆ, ಸಂಸಾರ ಜೊತೆಗಿದೆ, ಕೌಂಟರ್‌ನಲ್ಲಿ ಮುಖ ನೋಡಿದ ಮೇಲೆ ಮಾತು ಬದಲಾಗುತ್ತದೆ. ಇದು ಅದೇ ದೃಶ್ಯ ಅಲ್ವಾ?

ಅದು 1943, ಸಿನಿಮಾ 1995 ಅನ್ನಬಹುದು ನೀವು. ಸರಿ. ನಡುವೆ ಕಾನೂನು ಬಂತು. 1965ರ ಕಾಯಿದೆಯಿಂದ ಬ್ರಿಟನ್ನಿನಲ್ಲಿ ಹೋಟೆಲ್‌, ಪಬ್‌ಗಳಲ್ಲಿ ಬಣ್ಣ ನೋಡಿ ಹೊರಗಿಡುವುದು ಅಪರಾಧವಲ್ಲದಿದ್ದರೂ ಕಾನೂನುಬಾಹಿರವಾಯಿತು. 1976ರ ಕಾಯಿದೆ ಇನ್ನೂ ಬಿಗಿಯಾಗಿತ್ತು. ಹಾಗಾಗಿ 'ನಿಮ್ಮಂಥವರಿಗೆ ಇಲ್ಲಿ ಜಾಗ ಇಲ್ಲ' ಅಂತ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಸಿನಿಮಾದ ಮ್ಯಾನೇಜರ್ ಕೂಡ ಹಾಗೆ ಹೇಳುವುದಿಲ್ಲ, ರೂಮ್ ತುಂಬಿದೆ ಅನ್ನುತ್ತಾನೆ. ಆ ನಯವಾದ ಮಾತೇ ನನಗೆ ಆ ದೃಶ್ಯದಲ್ಲಿ ಅತ್ಯಂತ ನಿಜ ಅನ್ನಿಸಿದ್ದು. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಅದನ್ನು ನಾನೂ ಅನುಭವಿಸಿದ್ದೇನೆ. ಫೋನಿನಲ್ಲಿ ನನ್ನ ಹೆಸರು ಕೇಳುವ ತನಕ ಮನೆ ಖಾಲಿ ಇತ್ತು. ಹೆಸರು ಹೇಳಿದ ಮೇಲೆ ಈಗಷ್ಟೇ ಹೋಯ್ತು, ಸಾರಿ ಅಂದರು. ಆಮೇಲೆ ಆ ದಾರಿಯಲ್ಲಿ ಹೋಗುವಾಗೆಲ್ಲ ನೋಡುತ್ತಿದ್ದೆ, 'ಟು ಲೆಟ್' ಬೋರ್ಡ್ ಅಲ್ಲೇ ಇತ್ತು. ಯಾರ ಮೇಲೆ ದೂರು ಕೊಡುವುದು, ಏನಂತ ಕೊಡುವುದು?

ದುಡ್ಡಿದ್ದರೆ ಇದೆಲ್ಲ ಆಗುವುದಿಲ್ಲ ಅನ್ನುವುದು ನಿಮ್ಮ ಪ್ರಶ್ನೆಯ ಒಳಗಿರುವ ನಂಬಿಕೆ. ಅದಕ್ಕೆ ಹಾಂಗ್‌ಕಾಂಗ್ ನೋಡಿ. ಅಲ್ಲಿ ಪೀಕ್ ಅನ್ನುವ ಬೆಟ್ಟದ ಮೇಲೆ ಬ್ರಿಟಿಷರ ಬಂಗಲೆಗಳಿದ್ದವು. ಗವರ್ನರ್ ಒಪ್ಪಿಗೆ ಇಲ್ಲದೆ ಚೀನೀಯರು ಅಲ್ಲಿ ವಾಸ ಮಾಡುವ ಹಾಗಿಲ್ಲ ಅಂತ 1904ರಲ್ಲಿ ಕಾನೂನೇ ಮಾಡಿದರು. ಅದು ರದ್ದಾದದ್ದು 1946ರಲ್ಲಿ. ಆ ಊರಿನ ಭಾರೀ ಶ್ರೀಮಂತರಲ್ಲೊಬ್ಬರಾದ ರಾಬರ್ಟ್ ಹೋ ತುಂಗ್ ಅವರಿಗೂ ಅಲ್ಲಿ ಮನೆ ಮಾಡೋಕೆ ವಿಶೇಷ ಒಪ್ಪಿಗೆ ಬೇಕಾಯಿತು. ಆದರೆ ಬಂಗಲೆಗಳಲ್ಲಿ ಕೆಲಸಕ್ಕಿದ್ದ ಚೀನೀ ಆಳುಗಳಿಗೆ ಆ ಕಾನೂನು ಅಡ್ಡ ಬರುತ್ತಿರಲಿಲ್ಲ. ಅಡುಗೆ ಮಾಡೋಕೆ, ಬಟ್ಟೆ ಒಗೆಯೋಕೆ ಬೆಟ್ಟ ಹತ್ತಬಹುದು, ಪಕ್ಕದ ಮನೆಯವರಾಗಿ ಹತ್ತಬಾರದು. ಎಲೀನರ್‌ ಸಮಸ್ಯೆಯೂ ಅದೇ. ಆಕೆ ಗಿರಾಕಿಯಾಗಿ, ಅವರ ಸಮಕ್ಕೆ ಬಂದು ನಿಂತಿದ್ದಾಳೆ. ಆ ಮ್ಯಾನೇಜರ್‌ಗೆ ತಡೆಯಲಾಗದ್ದು ಅದು.

ಏಷ್ಯನ್ನರು ಲಂಡನ್ ಹೋಟೆಲ್ ಕೊಳ್ಳುವುದರಲ್ಲೂ ವಿಚಿತ್ರ ಇಲ್ಲ. ಬ್ರೂನೈ ಸುಲ್ತಾನರು ಡಾರ್ಚೆಸ್ಟರ್ ಹೋಟೆಲ್ ಕೊಂಡದ್ದು 1985ರಲ್ಲಿ. ಕೆವಿನ್ ಕ್ವಾನ್ ಅವರ ಮೂಲ ಕಾದಂಬರಿಯಲ್ಲಿ ಈ ಘಟನೆ ನಡೆಯುವುದು 1986ರಲ್ಲಿ, ಅಂದರೆ ಅದರ ಮರುವರ್ಷ.

ನನಗೆ ನಂಬೋಕೆ ಕಷ್ಟವಾದದ್ದು ಒಂದು ಫೋನ್ ಕಾಲ್‌ಗೆ ಅಲ್ಲೇ ನ್ಯಾಯ ಸಿಕ್ಕಿಬಿಡುವುದು. ಥಿಯೇಟರ್‌ನಲ್ಲಿ ನಾನೂ ಖುಷಿಯಿಂದ ಚಪ್ಪಾಳೆ ಹೊಡೆದೆ, ಆ ಖುಷಿ ಬೇಕು ಕೂಡ. ಆದರೆ ಕಾನ್‌ಸ್ಟಂಟೈನ್ ಬೇರೆ ಹೋಟೆಲ್‌ಗೆ ಹೋಗಬೇಕಾಯಿತು, ಕೋರ್ಟಿಗೆ ಹೋಗಬೇಕಾಯಿತು. 1944ರಲ್ಲಿ ಗೆದ್ದರು. ಸಿಕ್ಕ ಪರಿಹಾರ ಐದು ಗಿನಿ, ಅಂದರೆ ಐದೂಕಾಲು ಪೌಂಡ್.