ಕೇಜ್ರಿವಾಲ್ ಬಂಧನ: ಜರ್ಮನಿ, ಅಮೆರಿಕ ಹೇಳಿದ್ದೇನು?

ಪ್ರಶ್ನೆ: 2024ರಲ್ಲಿ ಅರವಿಂದ ಕೇಜ್ರಿವಾಲ್ ಅವರ ಬಂಧನವನ್ನು ಜರ್ಮನಿ ಮತ್ತು ಅಮೆರಿಕ ಖಂಡಿಸಿದವೆಂದು ಕೆಲವರು ಹೇಳುತ್ತಾರೆ. ಆ ದೇಶಗಳು ನಮ್ಮ ಚುನಾವಣೆಯಲ್ಲಿ ಕೈಯಾಡಿಸಲು ಹೊರಟಿದ್ದವೆಂದು ಇನ್ನು ಕೆಲವರು ವಾದಿಸುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡೂ ಸರಿಯಲ್ಲ. ಅಂದು ದೆಹಲಿಯ ಮುಖ್ಯಮಂತ್ರಿಯಾಗಿದ್ದ ಕೇಜ್ರಿವಾಲ್ ಅವರನ್ನು ದೆಹಲಿಯ ಮದ್ಯ ನೀತಿಗೆ ಸಂಬಂಧಿಸಿದ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಬಂಧಿಸಿದ್ದು ಮಾರ್ಚ್ 21ರ ರಾತ್ರಿ. ಮರುದಿನ ಬರ್ಲಿನ್‌ನ ಸುದ್ದಿಗೋಷ್ಠಿಯಲ್ಲಿ ಈ ಬಗ್ಗೆ ಕೇಳಿದಾಗ ಜರ್ಮನ್ ವಿದೇಶಾಂಗ ಸಚಿವಾಲಯದ ವಕ್ತಾರರು, ಭಾರತ ಪ್ರಜಾಪ್ರಭುತ್ವ ದೇಶವಾಗಿರುವುದರಿಂದ ನ್ಯಾಯಾಂಗ ಸ್ವಾತಂತ್ರ್ಯದ ಮಾನದಂಡಗಳು ಈ ಪ್ರಕರಣದಲ್ಲೂ ಪಾಲನೆಯಾಗುತ್ತವೆಂದು ನಿರೀಕ್ಷಿಸುತ್ತೇವೆ, ಆರೋಪ ಎದುರಿಸುವ ಎಲ್ಲರಂತೆ ಅವರಿಗೂ ನಿಷ್ಪಕ್ಷಪಾತ ವಿಚಾರಣೆಯ ಹಕ್ಕಿದೆ ಎಂಬರ್ಥದ ಉತ್ತರ ಕೊಟ್ಟರು. ಬಂಧನ ತಪ್ಪೆಂದಾಗಲಿ, ಅವರನ್ನು ಬಿಡುಗಡೆ ಮಾಡಬೇಕೆಂದಾಗಲಿ ಅವರು ಹೇಳಲಿಲ್ಲ. ವಕ್ತಾರರು ತಾವಾಗಿ ಹೊರಡಿಸುವ ಹೇಳಿಕೆಗೂ ಪತ್ರಕರ್ತರು ಕೇಳಿದ್ದಕ್ಕೆ ಕೊಡುವ ಉತ್ತರಕ್ಕೂ ಬಹಳ ಅಂತರವಿದೆ. ಸುದ್ದಿಯ ತಲೆಬರಹದಲ್ಲಿ ಮೊದಲು ಅಳಿಸಿಹೋಗುವುದು ಆ ಅಂತರವೇ.

ವಿಚಾರಣೆಯಲ್ಲಿರುವ ಪ್ರಕರಣದ ಬಗ್ಗೆ ಹೊರದೇಶದವರು ಹೆಸರೆತ್ತಿ ಮಾತನಾಡಿದಾಗ ಆಕ್ಷೇಪಿಸುವ ಹಕ್ಕು ಭಾರತಕ್ಕೆ ಖಂಡಿತ ಇದೆ. ಆದರೆ ಮಾರ್ಚ್ 23ರಂದು ಜರ್ಮನ್ ರಾಯಭಾರ ಕಚೇರಿಯ ಉಪ ಮುಖ್ಯಸ್ಥರನ್ನು ಕರೆಸಿಕೊಂಡು, ಇದು ನಮ್ಮ ನ್ಯಾಯಾಂಗ ಪ್ರಕ್ರಿಯೆಯಲ್ಲಿ ಹಸ್ತಕ್ಷೇಪವೆಂದು ಹೇಳಿದ್ದರಿಂದ, ಒಂದೇ ದಿನಕ್ಕೆ ಮರೆತುಹೋಗಬಹುದಾಗಿದ್ದ ಉತ್ತರ ದೊಡ್ಡ ಸುದ್ದಿಯಾಯಿತು ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನ್ಯಾಯಯುತ, ಪಾರದರ್ಶಕ, ವಿಳಂಬವಿಲ್ಲದ ಕಾನೂನು ಪ್ರಕ್ರಿಯೆ ನಡೆಯಲೆಂಬ ಅದರ ಪ್ರತಿಕ್ರಿಯೆಗಾಗಿ ಅಮೆರಿಕ ರಾಯಭಾರ ಕಚೇರಿಯ ಹಂಗಾಮಿ ಉಪ ಮುಖ್ಯಸ್ಥೆ ಗ್ಲೋರಿಯಾ ಬರ್ಬೆನಾ ಅವರನ್ನು ಮಾರ್ಚ್ 27ರಂದು ನಮ್ಮ ವಿದೇಶಾಂಗ ಸಚಿವಾಲಯವಿದ್ದ ದೆಹಲಿಯ ಸೌತ್ ಬ್ಲಾಕ್‌ಗೆ ಕರೆಸಲಾಯಿತು; ಭೇಟಿ ಸುಮಾರು 40 ನಿಮಿಷ ನಡೆಯಿತು. ಅದೇ ದಿನ ವಾಷಿಂಗ್ಟನ್‌ನಲ್ಲಿ ಪತ್ರಕರ್ತರು ಹೀಗೆ ಕರೆಸಿಕೊಂಡದ್ದರ ಬಗ್ಗೆಯೂ ತೆರಿಗೆ ಇಲಾಖೆ ಸ್ಥಗಿತಗೊಳಿಸಿದೆಯೆಂದು ಕಾಂಗ್ರೆಸ್ ಪಕ್ಷ ಆರೋಪಿಸಿದ್ದ ತನ್ನ ಬ್ಯಾಂಕ್ ಖಾತೆಗಳ ಬಗ್ಗೆಯೂ ಕೇಳಿದರು. ಅಮೆರಿಕದ ವಿದೇಶಾಂಗ ಇಲಾಖೆಯ ಅಂದಿನ ವಕ್ತಾರ ಮ್ಯಾಥ್ಯೂ ಮಿಲ್ಲರ್ ಮೊದಲಿನ ಮಾತನ್ನೇ ಮತ್ತೆ ಹೇಳಿ, ಖಾತೆಗಳ ಕುರಿತ ಆರೋಪವೂ ತಮ್ಮ ಗಮನದಲ್ಲಿದೆ ಎಂದರು. ಅದು ಮತ್ತೊಂದು ಸುದ್ದಿಯಾಯಿತು. ಹೀಗೆ ಒಂದು ರಾಜತಾಂತ್ರಿಕ ಪ್ರತಿಭಟನೆ ಇನ್ನೊಂದು ಪ್ರಶ್ನೆಗೆ, ಆ ಪ್ರಶ್ನೆ ಇನ್ನೊಂದು ಹೇಳಿಕೆಗೆ ದಾರಿಯಾಗುತ್ತದೆ. ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಇದು ಎರಡೂ ಬಣಗಳಿಗೆ ಅನುಕೂಲವಾಗಿತ್ತು: ವಿರೋಧಿಗಳಿಗೆ ಜಗತ್ತೇ ತಮ್ಮ ಬೆಂಬಲಕ್ಕಿದೆಯೆಂದು ತೋರಿಸಿಕೊಳ್ಳಲು, ಆಳುವವರಿಗೆ ಹೊರಗಿನವರ ಕೈವಾಡವನ್ನು ಎದುರಿಸಿದೆವೆಂದು ಹೇಳಿಕೊಳ್ಳಲು.

ಮೇ 10ರಂದು ಚುನಾವಣಾ ಪ್ರಚಾರಕ್ಕಾಗಿ ಮಧ್ಯಂತರ ಜಾಮೀನನ್ನೂ ಸೆಪ್ಟೆಂಬರ್ 13ರಂದು ಅದೇ ಮದ್ಯ ನೀತಿಯ ಬಗ್ಗೆ ಸಿಬಿಐ ಹೂಡಿದ್ದ ಪ್ರಕರಣದಲ್ಲಿ ಜಾಮೀನನ್ನೂ ಕೊಟ್ಟದ್ದು ನಮ್ಮ ಸುಪ್ರೀಂ ಕೋರ್ಟ್. ಬಂಧನದ ಸರಿತಪ್ಪುಗಳನ್ನು ಚರ್ಚಿಸುವವರು ಓದಬೇಕಾದದ್ದು ಆ ಆದೇಶಗಳನ್ನು. ವಿದೇಶಗಳ ಮಾತನ್ನೇ ಪರಿಶೀಲಿಸಬೇಕೆನ್ನುವವರಿಗೆ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಸುದ್ದಿಗೋಷ್ಠಿಗಳ ಪೂರ್ಣಪಾಠವನ್ನು, ಪತ್ರಕರ್ತರು ಕೇಳಿದ ಪ್ರಶ್ನೆಗಳ ಸಮೇತ, ಪ್ರಕಟಿಸುತ್ತದೆ.