ಖಣದ ತುಂಡು ಕೌದಿಗೆ ಆಗುತ್ತದೆ, ಆದರೆ ಮೊದಲು ನೆನೆಸಿ

ಅಕ್ಕಾರೇ, ಕುಪ್ಪಸ ಹೊಲಿದು ಉಳಿದ ಖಣದ (ಕುಪ್ಪಸಕ್ಕೆಂದೇ ನೇಯುವ ಬಟ್ಟೆ) ತುಂಡು, ಹಳೆ ಇಳಕಲ್ ಸೀರೆ ಸೇರಿಸಿ ಇಬ್ಬರು ಮೊಮ್ಮಕ್ಕಳಿಗೆ ಕೌದಿ (ಹಳೆ ಬಟ್ಟೆ ಪದರ ಪದರವಾಗಿ ಹೊಲಿದ ಹೊದಿಕೆ) ಹೊಲಿದರೆ ಬಣ್ಣ ಬಿಡುತ್ತದಾ ಅಂತ ಕೇಳಿದ್ದೀರಿ. ಬಿಡಬಹುದು. ಬಾಗಲಕೋಟೆಯಲ್ಲಿ ನಾನು ಹೊಲಿದ ಮೊದಲ ಕೌದಿಯಲ್ಲಿ ಒಂದೇ ಒಂದು ಕೆಂಪು ತುಂಡು ಸುತ್ತಲಿನ ಬಿಳಿಯನ್ನೆಲ್ಲ ಗುಲಾಬಿ ಮಾಡಿತ್ತು. ಮೊಮ್ಮಗಳಿಗೆ ಅದೇ ಇಷ್ಟವಾಯಿತು, ಆ ಮಾತು ಬೇರೆ!

ಈಗ ಪ್ರತಿ ತುಂಡನ್ನೂ ಬೇರೆ ಬೇರೆ ನೆನೆಸಿ, ಬಿಳಿ ಬಟ್ಟೆಯಿಂದ ಒತ್ತಿ ನೋಡುತ್ತೇನೆ. ಮೂರು ಸಲ ಒಗೆದರೂ ಬಣ್ಣ ಹತ್ತಿದರೆ ಅದು ಕೌದಿಗೆ ಬೇಡ. ಹತ್ತಿ ಬಟ್ಟೆ ಕುಗ್ಗುವುದೂ ಆಗಲೇ ಬಹುಪಾಲು ಮುಗಿಯುತ್ತದೆ.

ಸೀರೆಯ ಮೈ ಹತ್ತಿಯದಿದ್ದರೆ ಒಳಪದರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ರೇಷ್ಮೆ ಸೆರಗನ್ನು ಬಿಚ್ಚಿಡಿ, ಮಕ್ಕಳು ಎಳೆದಾಡಿದರೆ ಬೇಗ ಹರಿಯುತ್ತದೆ. ಗುಳೇದಗುಡ್ಡದ ಖಣದ ಅಂಚು ಕತ್ತರಿಸಿದ ಕೂಡಲೇ ಎಳೆ ಬಿಡುತ್ತದೆ. ಅರ್ಧ ಇಂಚು ಒಳಗೆ ಮಡಚಿಯೇ ಹೊಲಿಯಿರಿ.

ಮಕ್ಕಳಿಗೆ ಮೂರು ಪದರ ಸಾಕು. ಜಾಸ್ತಿ ಹಾಕಿದರೆ ಒದ್ದೆ ಕೌದಿ ಹಿಂಡಲು ಇಬ್ಬರು ಬೇಕಾಗುತ್ತದೆ. ಮೊದಲು ದೊಡ್ಡ ಕಚ್ಚಾ ಹೊಲಿಗೆ ಹಾಕಿ ಪದರ ಹಿಡಿಸಿ. ಆಮೇಲೆ ಅಂಚಿನಿಂದ ಸುತ್ತುತ್ತ ನಡುವಿಗೆ ಬನ್ನಿ, ಸಾಲುಗಳ ನಡುವೆ ಒಂದು ಬೆರಳಿನಷ್ಟು ಜಾಗ ಇರಲಿ. ದಾರದ ಗಂಟು ಪದರದ ಒಳಗೆ ಹೋಗಲಿ.

ಚಿಕ್ಕದಕ್ಕೆ ಇನ್ನೂ ವರ್ಷ ತುಂಬಿಲ್ಲ ಅಂದಿರಿ, ಅಲ್ವಾ? ಮಲಗಿದಾಗ ಅದಕ್ಕೆ ಹೊದಿಸಬೇಡಿ. ಎಚ್ಚರವಿದ್ದಾಗ ಆಡಲು ನೆಲಕ್ಕೆ ಹಾಸಿ. ಕನ್ನಡಿ, ಗುಂಡಿ ಮಾತ್ರ ಹಚ್ಚಲೇಬೇಡಿ, ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ.