ರಿಜೆಕ್ಟ್ ನೀರೇ ಇಲ್ಲಿ ಮಾಲು

ಪ್ರಶ್ನೆ: ನಮಸ್ಕಾರ ಸರ್. ನಾವಿರೋದು ಅಮೆರಿಕದ ವರ್ಮಾಂಟ್‌ನಲ್ಲಿ, ಮನೆ ಹಿಂದೆ ಹದಿನೈದಿಪ್ಪತ್ತು ಶುಗರ್ ಮೇಪಲ್ ಮರ ಇವೆ. ಹೋದ ವರ್ಷ ಸಿರಪ್ ಮಾಡೋಣ ಅಂತ ಬಕೆಟ್ ಕಟ್ಟಿ ರಸ ಇಳಿಸಿ ಹೊರಗಡೆ ಸೌದೆ ಒಲೆ ಮೇಲೆ ಕಾಯಿಸಿದ್ವಿ, ಬೆಳಗ್ಗೆ ಇಟ್ರೆ ಕತ್ತಲಾದ್ರೂ ಮುಗೀತಿರ್ಲಿಲ್ಲ, ಸೌದೆ ರಾಶಿ ಕರಗೋಯ್ತು. ಇಲ್ಲಿ ದೊಡ್ಡದಾಗಿ ಮಾಡೋರೆಲ್ಲ ಆರ್‌ಓ ಮಷಿನ್ ಇಟ್ಕೊಂಡಿದಾರೆ, ಬೆಲೆ ಕೇಳಿದ್ರೆ ಸಾವಿರಾರು ಡಾಲರ್. ಬೆಂಗಳೂರಲ್ಲಿ ಅಡುಗೆಮನೆ ಗೋಡೆಗೆ ಹಾಕ್ತೀವಲ್ಲ, ಅದೇ ತರದ ಪಾರ್ಟ್ಸ್ ತಗೊಂಡು ನಾನೇ ಜೋಡಿಸಬಹುದಾ? ಎಷ್ಟು ಗಟ್ಟಿ ಮಾಡಬಹುದು?

ಉತ್ತರ: ಧಾರಾಳವಾಗಿ ಜೋಡಿಸಬಹುದು. ಮನೆ ಆರ್‌ಓದಲ್ಲಿ ಮೆಂಬ್ರೇನ್ (ನೀರನ್ನ ಮಾತ್ರ ಬಿಡೋ ತೆಳು ಪೊರೆ) ದಾಟಿ ಬಂದ ನೀರು ನಮ್ಗೆ ಬೇಕು, ಇನ್ನೊಂದು ಪೈಪಲ್ಲಿ ಬರೋ ರಿಜೆಕ್ಟ್ ನೀರನ್ನ ಬಟ್ಟಲು ತೊಳೆಯೋಕೆ ಬಿಡ್ತೀವಿ. ನಿಮ್ಮಲ್ಲಿ ಉಲ್ಟಾ. ಸಕ್ಕರೆ ಮೆಂಬ್ರೇನ್ ದಾಟಲ್ಲ, ರಿಜೆಕ್ಟ್ ಪೈಪಲ್ಲೇ ಉಳಿಯತ್ತೆ, ಹಾಗಾಗಿ ಅದೇ ನಿಮ್ಮ ಮಾಲು.

ಮೊದಲು ಲೆಕ್ಕ ನೋಡೋಣ, ಯಾಕಂದ್ರೆ ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಇದರಲ್ಲೇ ಇದೆ. ಮರದಿಂದ ಇಳಿಯೋ ರಸದಲ್ಲಿ ಸಕ್ಕರೆ 2% ಆಸುಪಾಸು, ಸಿರಪ್ ಅನ್ನಿಸ್ಕೊಳ್ಳೋಕೆ 66 ಬ್ರಿಕ್ಸ್ (ಅಂದ್ರೆ ನೂರು ಗ್ರಾಂನಲ್ಲಿ 66 ಗ್ರಾಂ ಸಕ್ಕರೆ) ದಾಟಬೇಕು. ಅಲ್ಲಿನವರ ಲೆಕ್ಕ ಸರಳ, 86ನ್ನ ರಸದ ಬ್ರಿಕ್ಸ್‌ನಿಂದ ಭಾಗಿಸಿದ್ರೆ ಒಂದು ಲೀಟರ್ ಸಿರಪ್‌ಗೆ ಎಷ್ಟು ಲೀಟರ್ ರಸ ಬೇಕು ಅಂತ ಸಿಗತ್ತೆ, 2% ಇದ್ರೆ 43 ಲೀಟರ್. ಈಗ ಒಳ್ಳೆ ದಿನ ನಿಮ್ಗೆ 160 ಲೀಟರ್ ರಸ ಸಿಕ್ತು ಅಂದ್ಕೊಳ್ಳಿ. ಅದನ್ನ 4%ಗೆ ತಂದ್ರೆ 80 ಲೀಟರ್ ನೀರು ಒಲೆಗೆ ಹೋಗೋ ಮೊದಲೇ ಹೊರಟೋಯ್ತು. ಅಲ್ಲಿಂದ 8%ಗೆ ತಂದ್ರೆ ಹೋಗೋದು ಇನ್ನು 40 ಲೀಟರ್ ಅಷ್ಟೆ, ಆದ್ರೆ ಕಷ್ಟ ಮಾತ್ರ ಜಾಸ್ತಿ. ಸಕ್ಕರೆ ನೀರನ್ನ ಬಿಟ್ಕೊಡದೆ ಹಿಡಿದಿಟ್ಕೊಳ್ಳೋ ಒತ್ತಡಕ್ಕೆ ಆಸ್ಮಾಟಿಕ್ ಒತ್ತಡ ಅಂತಾರೆ, 2% ರಸಕ್ಕೆ ಅದು ಸುಮಾರು 20 ಪಿಎಸ್‌ಐ (ಒತ್ತಡದ ಅಳತೆ), 4%ಗೆ 40, 8%ಗೆ 85ರ ಹತ್ತಿರ. ನಿಮ್ಮ ಬೂಸ್ಟರ್ ಪಂಪ್ ಕೊಡೋದೇ 80ರಿಂದ 100. ಆ ಒತ್ತಡ ಕಳೆದು ಮಿಕ್ಕಿದ್ದೇ ನೀರನ್ನ ತಳ್ಳೋದು, ಹಾಗಾಗಿ 8% ಹತ್ತಿರ ಬಂದ್ರೆ ಪಂಪ್ ಓಡ್ತಾನೇ ಇರತ್ತೆ, ನೀರು ಮಾತ್ರ ತೊಟ್ಟು ತೊಟ್ಟು. ನನ್ನ ಮಾತು ಕೇಳೋದಾದ್ರೆ 4 ಅಥವಾ 5%ಗೆ ಸಾಕು ಮಾಡಿ, ಅರ್ಧಕ್ಕಿಂತ ಜಾಸ್ತಿ ಸೌದೆ ಉಳಿಯತ್ತೆ, ಅದಕ್ಕಿಂತ ದುರಾಸೆ ಬೇಡ.

ಇನ್ನು ಸಾಮಾನು. 100 ಜಿಪಿಡಿ (ದಿನಕ್ಕೆ 100 ಗ್ಯಾಲನ್ ನೀರು ಬಿಡೋ) ಮೆಂಬ್ರೇನ್ ನಾಲ್ಕು, ಅವುಗಳ ಹೌಸಿಂಗ್, ಒಂದು 5 ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್, ಪ್ರೆಶರ್ ಗೇಜು, ನೀಡಲ್ ವಾಲ್ವ್, ಫುಡ್ ಗ್ರೇಡ್ ಪೈಪು. ಪಂಪ್ ಮಾತ್ರ ಒಂದು ಮೆಂಬ್ರೇನ್ ಇರೋ ಮನೆ ಮಷಿನ್‌ದು ತರ್ಬೇಡಿ, ಸಾಲಲ್ಲ, 300-400 ಜಿಪಿಡಿಗೆ ಮಾಡಿರೋ ದೊಡ್ಡದು ಬೇಕು, ಗಂಟೆಗಟ್ಲೆ ಓಡಿದ್ರೆ ಬಿಸಿ ಆಗತ್ತೆ, ಗಾಳಿ ಆಡೋ ಕಡೆ ಇಡಿ. ಮೊದಲನೇ ಮೆಂಬ್ರೇನ್‌ನ ರಿಜೆಕ್ಟ್ ಎರಡನೇದರ ಇನ್‌ಲೆಟ್‌ಗೆ, ಅದರದ್ದು ಮೂರನೇದಕ್ಕೆ, ಹೀಗೆ ಕೊಟ್ಕೊಂಡು ಹೋಗಿ. ಶುದ್ಧ ನೀರಿನ ನಾಲ್ಕೂ ಪೈಪ್ ಸೇರ್ಸಿ ಬೇರೆ ಡ್ರಮ್ಮಿಗೆ ಬಿಡಿ. ಕೊನೇ ರಿಜೆಕ್ಟ್ ಪೈಪಲ್ಲಿ ಮನೆ ಮಷಿನ್‌ನ ಫ್ಲೋ ರಿಸ್ಟ್ರಿಕ್ಟರ್ ಹಾಕೋ ಬದಲು ನೀಡಲ್ ವಾಲ್ವ್ ಹಾಕಿದ್ರೆ ಒತ್ತಡ ನಿಮ್ಮ ಕೈಲಿರತ್ತೆ. ಶುರು ಮಾಡುವಾಗ ವಾಲ್ವ್ ಪೂರ್ತಿ ತೆರೆದಿರ್ಲಿ, ಆಮೇಲೆ ಗೇಜ್ ನೋಡ್ಕೊಂಡು ನಿಧಾನಕ್ಕೆ ತಿರುಗಿಸಿ, ಶುದ್ಧ ನೀರು ಮತ್ತೆ ರಿಜೆಕ್ಟ್ ಎರಡೂ ಸಮ ಬಂದಾಗ ಸಕ್ಕರೆ ಡಬಲ್ ಆಗಿದೆ ಅಂತ ಅರ್ಥ. ಪೂರ್ತಿ ಮುಚ್ಚೋಕೆ ಮಾತ್ರ ಹೋಗ್ಬೇಡಿ, ಹೌಸಿಂಗ್ ಸಾಮಾನ್ಯವಾಗಿ 125 ಪಿಎಸ್‌ಐಗಿಂತ ಮೇಲೆ ತಡೆಯೋಕೆ ಮಾಡಿರಲ್ಲ.

ಕಾರ್ಬನ್ ಫಿಲ್ಟರ್ ಬೇಡ. ಅದು ನಲ್ಲಿ ನೀರಿನ ಕ್ಲೋರಿನ್ ತೆಗೆಯೋಕೆ ಇರೋದು, ರಸದಲ್ಲಿ ಕ್ಲೋರಿನ್ ಎಲ್ಲಿಂದ ಬರ್ಬೇಕು, ಸುಮ್ನೆ ರುಚಿ ಎಳ್ಕೊಂಡ್ರೆ ಕಷ್ಟ. ಆದ್ರೆ ಹೊಸ ಮೆಂಬ್ರೇನ್‌ನಲ್ಲಿ ಕೆಡದೇ ಇರೋಕೆ ಕೆಮಿಕಲ್ ಹಾಕಿರ್ತಾರೆ, ಅದನ್ನ ತೊಳೆಯೋಕೆ ಊರಿನ ನಲ್ಲಿ ನೀರು ಬಳಸೋದಾದ್ರೆ ಅವತ್ತೊಂದಿನ ಕಾರ್ಬನ್ ಹಾಕ್ಲೇಬೇಕು, ಕ್ಲೋರಿನ್ ತಾಗಿದ್ರೆ ಮೆಂಬ್ರೇನ್ ಹಾಳು. ಇದೇ ಕಾರಣಕ್ಕೆ ಬ್ಲೀಚ್ ಹತ್ರಾನೂ ತರ್ಬೇಡಿ.

ಡಬ್ಬದ ಮೇಲಿನ ಜಿಪಿಡಿ ನಂಬಿ ಕೂರೋಹಾಗಿಲ್ಲ. 100 ಜಿಪಿಡಿ ಅಂದ್ರೆ ಗಂಟೆಗೆ ಸುಮಾರು 16 ಲೀಟರ್, ಆದ್ರೆ ಅದು 25 ಡಿಗ್ರಿ ನೀರಿಗೆ. ನಿಮ್ಮ ರಸ ಮಾರ್ಚಿನ ಚಳಿಯಲ್ಲಿ 4-5 ಡಿಗ್ರಿ ಇರತ್ತೆ, ಬರೋದು ಅರ್ಧ. ನಾಲ್ಕೂ ಸೇರಿ ಗಂಟೆಗೆ 30 ಲೀಟರ್ ಬಂದ್ರೆ ಖುಷಿಪಡಿ, 80 ಲೀಟರ್ ತೆಗೆಯೋಕೆ ಮೂರು ಗಂಟೆ. ಹಾಗಂತ ರಸ ಬಿಸಿ ಮಾಡೋ ಐಡಿಯಾ ಬೇಡ, ಬೇಗ ಹುಳಿ ಆಗತ್ತೆ. ಗಟ್ಟಿ ಆದ ರಸವಂತೂ ಇನ್ನೂ ಬೇಗ ಕೆಡತ್ತೆ, ಅವತ್ತೇ ಒಲೆಗೆ ಹಾಕಿ. ನೀರು ಕುದಿಯೋ ಉಷ್ಣತೆಗಿಂತ 4 ಡಿಗ್ರಿ ಸೆಲ್ಸಿಯಸ್ ಮೇಲೆ ಹೋದಾಗ ಸಿರಪ್ ಹದಕ್ಕೆ ಬಂದಿರತ್ತೆ.

ಕೆಲಸ ಮುಗಿದ ತಕ್ಷಣ ಅದೇ ಶುದ್ಧ ನೀರು ಒಂದಷ್ಟು ಎತ್ತಿಟ್ಕೊಂಡು, ವಾಲ್ವ್ ಪೂರ್ತಿ ತೆರೆದು, ಮೆಂಬ್ರೇನ್ ಒಳಗೆ ಹರಿಸಿ ತೊಳೀರಿ. ರಾತ್ರಿ ಹೊರಗೆ ಬಿಟ್ರೆ ಒಳಗಿನ ನೀರು ಹೆಪ್ಪುಗಟ್ಟಿ ಮೆಂಬ್ರೇನ್ ಹರಿದೋಗತ್ತೆ, ಜೋಡಿಸಿದ್ದನ್ನ ಇಡಿಯಾಗಿ ಮನೆಯೊಳಗೆ ತಂದಿಡಿ. ಸೀಸನ್ ಮುಗಿದ ಮೇಲೆ ಒದ್ದೆಯಾಗೇ ಕವರಲ್ಲಿ ಕಟ್ಟಿ ಫ್ರಿಜ್‌ನಲ್ಲಿಡೋರು ಇದಾರೆ, ನನ್ನ ಕೇಳಿದ್ರೆ ಮುಂದಿನ ವರ್ಷ ಹೊಸದೇ ಹಾಕಿ.

ಪ್ರಶ್ನೆ: ಮೆಂಬ್ರೇನ್‌ನಿಂದ ಸಕ್ಕರೆ ಸೋರ್ತಿದ್ಯಾ ಅಂತ ಟಿಡಿಎಸ್ ಮೀಟರಲ್ಲಿ ನೋಡಬಹುದಾ? ಕುದಿಸೋ ಟೈಮ್ ಕಮ್ಮಿ ಆದ್ರೆ ರುಚಿ ಹೋಗಲ್ವಾ? (ಟೊರಾಂಟೋದ ಓದುಗರು)

ಉತ್ತರ: ಟಿಡಿಎಸ್ ಮೀಟರ್ ಅಳೆಯೋದು ನೀರಲ್ಲಿ ಕರೆಂಟ್ ಎಷ್ಟು ಹರಿಯತ್ತೆ ಅಂತ, ಸಕ್ಕರೆ ಕರೆಂಟ್ ಹರಿಸಲ್ಲ, ಹಾಗಾಗಿ ಸಕ್ಕರೆ ಅದಕ್ಕೆ ಕಾಣಲ್ಲ. ಬ್ರಿಕ್ಸ್ ನೋಡೋ ರಿಫ್ರಾಕ್ಟೋಮೀಟರ್ ತಗೊಳ್ಳಿ, ಶುದ್ಧ ನೀರಿನ ಪೈಪಲ್ಲಿ ಸೊನ್ನೆ ತೋರಿಸ್ಬೇಕು. ರುಚಿ ವಿಷ್ಯ, ಮೇಪಲ್ ಘಮ ಹುಟ್ಟೋದು ಕುದಿಯುವಾಗಲೇ ಅನ್ನೋದು ನಿಜ, ಆದ್ರೆ 4-5%ಗೆ ತಂದ ಮೇಲೂ ಕುದಿಸೋದು ಬೇಕಾದಷ್ಟು ಉಳಿದಿರತ್ತಲ್ಲ. ವರ್ಮಾಂಟ್ ಯೂನಿವರ್ಸಿಟಿಯ ಪ್ರಾಕ್ಟರ್ ಮೇಪಲ್ ರಿಸರ್ಚ್ ಸೆಂಟರ್‌ನವರು ಬೇರೆ ಬೇರೆ ಮಟ್ಟಕ್ಕೆ ಗಟ್ಟಿ ಮಾಡಿ ಹೋಲಿಸಿ ನೋಡಿದಾರೆ, ರುಚಿಯಲ್ಲಿ ಹೇಳ್ಕೊಳ್ಳೋವಂಥ ವ್ಯತ್ಯಾಸ ಕಂಡಿಲ್ಲ.

ಪ್ರಶ್ನೆ: ಸಾರ್, ನಮ್ದು ಮಂಡ್ಯ ಕಡೆ, ಆಲೆಮನೆ ಇದೆ. ಕಬ್ಬಿನ ಹಾಲಿಗೂ ಹಿಂಗೇ ಆರ್‌ಓ ಹಾಕಿದ್ರೆ ಬೆಲ್ಲ ಬೇಗ ಆಗಲ್ವಾ?

ಉತ್ತರ: ಆಗಲ್ಲ ಗೌಡ್ರೇ. ಕಬ್ಬಿನ ಹಾಲಲ್ಲಿ ಸಕ್ಕರೆ ಮೊದಲೇ 16ರಿಂದ 20% ಇರತ್ತೆ, ಅದರ ಆಸ್ಮಾಟಿಕ್ ಒತ್ತಡವೇ 200 ಪಿಎಸ್‌ಐ ಆಚೀಚೆ, ಮೇಲೆ ಹೇಳಿದ ಪಂಪ್ ಹಾಕಿದ್ರೆ ಒಂದು ತೊಟ್ಟು ನೀರೂ ಬೇರೆ ಆಗಲ್ಲ. ಜೊತೆಗೆ ಸಿಪ್ಪೆ ಪುಡಿ, ಮಣ್ಣು, ಅಂಟು, ಮೇಣ ಎಲ್ಲ ಇರತ್ತೆ, ಬೆಂಡೆ ಗಿಡದ ಲೋಳೆ ಹಾಕಿ ನೀವು ಎತ್ತಿ ಎಸೀತೀರಲ್ಲ ಆ ಕೊಳೆ, ಅದು ಮೆಂಬ್ರೇನ್‌ನ ನೋಡ್ತಾ ನೋಡ್ತಾ ಮುಚ್ಚಿಬಿಡತ್ತೆ. ಇಷ್ಟಕ್ಕೂ ನೀವು ಉರಿಸೋದು ಗಾಣದಿಂದ ಬಂದ ಒಣ ಸಿಪ್ಪೆ, ಅವರ ಹಾಗೆ ಸೌದೆ ಉಳಿಸೋ ಚಿಂತೆ ನಿಮ್ಗಿಲ್ಲ. ದುಡ್ಡು ಹಾಕೋ ಹಾಗಿದ್ರೆ ಕೊಪ್ಪರಿಗೆ ಕೆಳಗಿನ ಒಲೆ ರಿಪೇರಿಗೆ ಹಾಕಿ, ಶಾಖ ಪೋಲಾಗೋದು ಅಲ್ಲೇ.